ಹೊರಟವರನ್ನು ಕೇಳಬಾರದು

ಹಿಂದೂಪುರ

ನಮ್ಮ ಕಡೆ ಹೊರಟು ನಿಂತವರನ್ನು ಯಾರೂ ‘ಎಲ್ಲಿಗೆ?’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಆಗದು ಎಂದು ನಂಬಿಕೆ. ಬಾಯಿತಪ್ಪಿ ಯಾರಾದರೂ ಕೇಳಿಬಿಟ್ಟರೆ, ಹೊರಟವರು ಒಳಗೆ ಬಂದು ಕೂತು ನೀರು ಕುಡಿದು ಮತ್ತೆ ಮೊದಲಿನಿಂದ ಹೊರಡಬೇಕು. ಕುತೂಹಲ ತಡೆಯಲಾಗದವರು ‘ದೂರಾನಾ?’ ಎನ್ನುತ್ತಾರೆ. ‘ಹೂಂ, ಒಸಿ ದೂರ’ ಎಂದರೆ ಮಾತು ಮುಗಿಯಿತು. ಕಲ್ಯಾಣದುರ್ಗದ ಪಕ್ಕದ ಕಂಬದೂರಿಗೆ ಹೋಗುವವರದೂ ಅದೇ ಉತ್ತರ, ಸಮುದ್ರ ದಾಟಿ ಮಸ್ಕತ್ತಿಗೆ ಹೊರಟ ನಮ್ಮದೂ ಅದೇ ಉತ್ತರ.

ನಾನು ಹಿಂದೂಪುರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಎಲ್ಲ ವಿಭಾಗಗಳ ಟೈಮ್‌ಟೇಬಲ್ ಹಾಕುವ ಕೆಲಸವೂ ನನಗೇ ಬಂದಿದೆ. ಯಾವ ಕೋಣೆಯಲ್ಲಿ ಯಾರು ಯಾವಾಗ ಇರುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ ನನ್ನ ಮನಸ್ಸಿಗೆ ಸಮಾಧಾನ. ಕಲ್ಯಾಣದುರ್ಗದಲ್ಲಿರುವ ನನ್ನ ಅಮ್ಮನಿಗೆ ಇದೊಂದು ಕಾಯಿಲೆಯಂತೆ ಕಾಣುತ್ತದೆ. ‘ನಾಡಿದ್ದಿನ ಮಾತು ಇವತ್ತೇ ಆಡ್ತೀಯಲ್ಲೇ’ ಎಂದು ಗದರುತ್ತಾಳೆ. ಯಾವುದೇ ಕೆಲಸದ ಬಗ್ಗೆ ಅವಳನ್ನು ಕೇಳಿ, ‘ನೋಡಾನ’ ಎನ್ನುತ್ತಾಳೆ. ಆ ನೋಡಾನದಲ್ಲಿ ಹೌದು ಎಷ್ಟಿದೆ, ಇಲ್ಲ ಎಷ್ಟಿದೆ ಎಂದು ಅವಳ ಮಗಳಾಗಿಯೂ ನನಗೆ ತಿಳಿಯುವುದಿಲ್ಲ.

ಅಮ್ಮನ ಹಟಕ್ಕೆ ಕಾರಣವಿತ್ತು. ಅವಳ ಅಕ್ಕ, ನಮ್ಮ ದೊಡ್ಡಮ್ಮ, ಮಸ್ಕತ್ತಿನ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ರಜೆ ಸಿಕ್ಕಿತು ಎಂದು ಅವಳು ಫೋನ್ ಮಾಡಿ ಹೇಳಿದಾಗಲೆಲ್ಲ ಏನಾದರೊಂದು ಆಗುತ್ತಿತ್ತು. ಒಮ್ಮೆ ಆ ಮುದುಕಿ ಜಾರಿ ಬಿದ್ದಳು. ಇನ್ನೊಮ್ಮೆ ವಿಮಾನಗಳೇ ನಿಂತವು. ಅಜ್ಜಿ ತೀರಿಕೊಂಡಾಗ ‘ನಾಳೆ ಬತ್ತೀನಿ, ಮಣ್ಣು ಮಾಡಬ್ಯಾಡ್ರಿ’ ಎಂದಳು. ಟಿಕೆಟ್ ಸಿಗಲಿಲ್ಲ, ಮಣ್ಣು ಮಾಡಿದೆವು. ಅಂದಿನಿಂದ ಇಬ್ಬರೂ ಅಕ್ಕತಂಗಿಯರಿಗೆ ಒಂದೇ ನಂಬಿಕೆ ಬೇರೂರಿತು: ಹೇಳಿದ್ದರಿಂದಲೇ ಕೆಟ್ಟಿತು. ಅಜ್ಜಿ ಹೋದ ಮೇಲೆ ಅವರಿಬ್ಬರೂ ಮುಖಾಮುಖಿ ಕೂತು ಅತ್ತಿಲ್ಲ. ಅಜ್ಜಿಯ ಕೊನೆಯ ಸೀರೆ ಅಮ್ಮನ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಹಸಿರು ಅಂಚಿನ, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ. ಅದನ್ನು ಅಕ್ಕನ ಕೈಗೆ ತಾನೇ ಕೊಡಬೇಕು, ಯಾರ ಕೈಲೂ ಕಳಿಸಬಾರದು ಎಂಬುದು ಅವಳ ಆಸೆ.

‘ನಾವೇ ಹೋಗೋಣ’ ಎಂದು ನಾನು ಅಂದೆ. ಒಪ್ಪಿದಳು. ಆದರೆ ದೊಡ್ಡಮ್ಮನಿಗೆ ಒಂದು ಮಾತು ಹೇಳಕೂಡದು ಎಂದು ನನ್ನ ಕೈ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಹೇಳದೆ ಹೋಗಿ ಬಾಗಿಲು ತಟ್ಟುವುದು ಯಾವ ಲೆಕ್ಕದಲ್ಲೂ ಸರಿ ಎನಿಸಲಿಲ್ಲ ನನಗೆ. ಆದರೂ ತಾಯಿಯ ತಲೆ.

ಮಸ್ಕತ್, ನೀಲಿ ಬಾಗಿಲು

ಮಸ್ಕತ್ತಿನ ಬೆಟ್ಟಗಳು ನಮ್ಮ ಪೆನುಕೊಂಡದ ಬೆಟ್ಟಗಳ ಹಾಗೆಯೇ ಬೋಳು. ವಿಮಾನದ ಕಿಟಕಿಯಿಂದ ನೋಡಿದ ಅಮ್ಮ ‘ಇದನ್ನ ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಎಂದಳು. ಕೆಳಗೆ ಊರು ಮಾತ್ರ ಬೆಳ್ಳಗೆ, ಈಗ ತಾನೇ ಸುಣ್ಣ ಬಳಿದ ಹಾಗೆ.

ಟ್ಯಾಕ್ಸಿಯವನಿಗೆ ವಿಳಾಸ ತೋರಿಸಿ, ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ಕೇಳಿದೆ. ‘ಇನ್ಷಾ ಅಲ್ಲಾ, ಬೇಗ’ ಎಂದ. ಹಿಂದೂಪುರದಲ್ಲಿ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಕೇಳುವ ಮಾತೇ ಅದು, ದೇವರ ಇಚ್ಛೆ ಇದ್ದರೆ ಎಂದು. ಆದರೆ ಗೊತ್ತಿಲ್ಲದ ಊರಿನಲ್ಲಿ ಕೇಳಿದಾಗ ಗಡಿಯಾರ ನೋಡಿಕೊಂಡೆ. ಅಮ್ಮ ಮಾತ್ರ ಮೊದಲ ಬಾರಿಗೆ ಹಗುರವಾಗಿ ಕೂತಳು. ‘ನೋಡು, ಎಂಗೆ ಹೇಳ್ದ! ಗಟ್ಟಿ ಮಾತು ಆಡಲಿಲ್ಲ. ಒಳ್ಳೇ ಜನ ಕಣೆ.’

ನೀಲಿ ಬಾಗಿಲಿನ ಮನೆ ಸಿಕ್ಕಿತು. ಬಾಗಿಲು ತೆರೆದವರು ಐವತ್ತರ ಆಸುಪಾಸಿನ ಹೆಂಗಸು. ಹೆಸರು ಹುದಾ, ಮನೆಯ ಮುದುಕಿಯ ಮಗಳು. ದೊಡ್ಡಮ್ಮನ ಹೆಸರು ಹೇಳುತ್ತಲೇ ಅವರ ಮುಖ ಅರಳಿತು. ನಾವು ಯಾರು, ಏಕೆ ಬಂದೆವು ಎಂದು ಕೇಳಲೇ ಇಲ್ಲ. ಒಳಗೆ ಕರೆದು ಕಾರ್ಪೆಟ್ಟಿನ ಮೇಲೆ ಕೂರಿಸಿದರು. ಖರ್ಜೂರದ ತಟ್ಟೆ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ‘ಸುದ್ದಿ ಏನಾದರೂ ಇದೆಯೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಾವೇ ನಕ್ಕು, ‘ಸುದ್ದಿ ಏನಿಲ್ಲ ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ನಮ್ಮಲ್ಲಿ ಮೊದಲು ಹಾಗೇ ಹೇಳುವುದು. ಕಾಫಿ ಆದ ಮೇಲೆ ಸುದ್ದಿ’ ಎಂದರು.

ನಾನು ಕಾಫಿ ಬೇಗ ಮುಗಿಸಿ ಸುದ್ದಿಗೆ ಹೋಗೋಣವೆಂದು ಒಂದೇ ಗುಟುಕಿಗೆ ಕುಡಿದೆ. ಮತ್ತೆ ಹುಯ್ದರು. ಕುಡಿದೆ. ಮತ್ತೆ. ಸಾಕು ಎಂದು ಕೈ ಅಡ್ಡ ಹಿಡಿದರೂ ನಿಲ್ಲಿಸಲಿಲ್ಲ. ‘ಬ್ಯಾಡ ಅಂದ್ರೂ ಹುಯ್ತಾವಳಲ್ಲೇ, ಇವ್ಳೇನು ನಮ್ ಓಬುಳಮ್ಮನ ನೆಂಟಳಾ?’ ಎಂದು ಅಮ್ಮ ಪಿಸುಗುಟ್ಟಿದಳು. ಓಬುಳಮ್ಮ ಎಂದರೆ ಕಲ್ಯಾಣದುರ್ಗದಲ್ಲಿ ಅಮ್ಮನ ಪಕ್ಕದ ಮನೆಯವರು. ಖಾಲಿ ಬಟ್ಟಲನ್ನು ಒಮ್ಮೆ ಅಲುಗಾಡಿಸಿ ಕೊಟ್ಟರೆ ಮಾತ್ರ ಸಾಕು ಎಂದರ್ಥವಂತೆ. ಅದು ತಿಳಿಯುವಷ್ಟರಲ್ಲಿ ನನ್ನ ಎದೆ ಡೋಲು ಬಡಿಯುತ್ತಿತ್ತು.

ಆಮೇಲೆ ಹುದಾ ಸುದ್ದಿ ಹೇಳಿದರು. ದೊಡ್ಡಮ್ಮ ಇಲ್ಲ. ಆ ದಿನವೇ ಬೆಳಿಗ್ಗೆ ಊರಿಗೆ ಹೋಗಿದ್ದಳು. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಹುದಾ ತಾಯಿಯ ಬಳಿ ಇರಲು ರಜೆ ಹಾಕಿ ಬಂದಿದ್ದರಿಂದ ಅವಳಿಗೆ ಬಿಡುವು ಸಿಕ್ಕಿತ್ತು. ‘ನಿಮಗೆ ಹೇಳಿರಲಿಲ್ಲವೇ?’ ಎಂದು ಹುದಾ ಕೇಳಿದರು.

ನಾನು ಅಮ್ಮನ ಮುಖ ನೋಡಿದೆ. ಬೆಂಗಳೂರಿನ ನಿಲ್ದಾಣದಲ್ಲಿ ನಾವು ಮೇಲಿನ ಮಹಡಿಯಲ್ಲಿ ಕೂತು ಚಪಾತಿ ತಿನ್ನುತ್ತಿದ್ದಾಗ ದೊಡ್ಡಮ್ಮ ಕೆಳಗಿನ ಬಾಗಿಲಿನಿಂದ ಹೊರಗೆ ಹೋಗಿರಬೇಕು. ಅಮ್ಮ ಸೀರೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ‘ನನ್ನ ಬುದ್ಧಿಯೇ ಅವ್ಳಿಗೂ ಐತೆ’ ಎಂದಳು. ಹೆಮ್ಮೆಯೋ ಸಂಕಟವೋ ತಿಳಿಯಲಿಲ್ಲ.

ದೊಡ್ಡಮ್ಮನ ಮಂಚ

ಲಾಡ್ಜ್ ಬುಕ್ ಮಾಡಿದ್ದೆ. ಮನೆಯವರು ಬಿಡಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ಮುದುಕಿ, ಎಲ್ಲರೂ ಮರಿಯಂ ಬೀಬಿ ಎನ್ನುವವಳು, ನಮ್ಮ ದನಿ ಕೇಳಿ ಎದ್ದು ಕೂತಿದ್ದಳು. ಅಮ್ಮನನ್ನು ಹತ್ತಿರ ಕರೆದು, ಗಲ್ಲ ಹಿಡಿದು, ಕನ್ನಡಕದೊಳಗಿಂದ ನೋಡಿ, ‘ಬಾ, ಕುಂತ್ಕ, ಉಣ್ಣು’ ಎಂದಳು.

ಶುದ್ಧ ಕಲ್ಯಾಣದುರ್ಗದ ಕನ್ನಡ. ದೊಡ್ಡಮ್ಮ ದಿನವೂ ಅವಳಿಗೆ ಆಡುತ್ತಿದ್ದ ಮಾತುಗಳೇ ಅವಳ ಕನ್ನಡ. ಕುಂತ್ಕ, ಉಣ್ಣು, ಬ್ಯಾಡ, ಮಲಕ್ಕ, ಅಳಬ್ಯಾಡ. ಅಷ್ಟರಲ್ಲಿ ಅವಳು ಅಮ್ಮನೊಂದಿಗೆ ಇಡೀ ಸಂಜೆ ಕಳೆದಳು.

ನನ್ನ ಫೋನಿಗೂ ಅಮ್ಮನ ಫೋನಿಗೂ ಹಾಕಿಸಿದ ಸಿಮ್ಮುಗಳಲ್ಲಿ ಮಾತಾಡಲು ಆಗುತ್ತಿರಲಿಲ್ಲ, ದನಿ ಮುದ್ರಿಸಿ ಕಳಿಸಬಹುದಿತ್ತು. ಅಮ್ಮನ ಫೋನಿಗೆ ದೊಡ್ಡಮ್ಮನ ದನಿ ಆಗಲೇ ಬಂದಿತ್ತು; ಸುಬ್ಬಿ ಎಂದರೆ ಅಮ್ಮ.

‘ಏನೇ ಸುಬ್ಬಿ, ಬೀಗ ಜಡ್ಕಂಡು ಎಲ್ಲಿ ಹಾಳಾಗಿ ಹೋದ್ಯೇ? ಓಬುಳಮ್ಮನ ಕೇಳಿದ್ರೆ ದೂರ ಹೋಗವ್ಳೆ ಅಂತಾಳೆ. ಎಷ್ಟು ದೂರ ಅಂದ್ರೆ ನಾ ಕೇಳಲಿಲ್ಲ ಕಣಮ್ಮ ಅಂತಾಳೆ. ಬ್ರಹ್ಮಸಮುದ್ರಕ್ಕೆ ಹೋಗಿದ್ರೆ ಸಂಜೆ ಬಸ್ಸಿಗೆ ಬಂದ್ಬುಡು. ಯಾರು ಬಂದವ್ರೆ ಅಂತ ಹೇಳಕ್ಕಿಲ್ಲ, ನೀನೇ ಬಂದು ನೋಡು!’

ಅಮ್ಮ ಫೋನನ್ನು ಬಾಯಿಗೆ ಹತ್ತಿರ ಹಿಡಿದು ನಿಧಾನವಾಗಿ ಹೇಳಿದಳು. ‘ನಿನ್ ಮಂಚದ ಮ್ಯಾಲೆ ಕುಂತೀನಿ ಕಣಕ್ಕ.’

ಉತ್ತರವಾಗಿ ಬಂದದ್ದು ಬರೀ ನಗು. ಅದು ನಡುವೆ ಎಲ್ಲೋ ನಗುವಾಗಿ ಉಳಿದಿರಲಿಲ್ಲ. ಮುಗಿಯುವ ಮುಂಚೆ ನಿಂತುಹೋಯಿತು.

ಅಮ್ಮ ಓಬುಳಮ್ಮನ ಹತ್ತಿರ ಬಿಟ್ಟಿದ್ದ ಬೀಗದ ಕೈ ದೊಡ್ಡಮ್ಮನಿಗೆ ಸಿಕ್ಕಿತು. ಮರುದಿನದಿಂದ ಇಬ್ಬರೂ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ಆಳತೊಡಗಿದರು. ‘ಮಿಕ್ಸಿ ಮುಚ್ಚಳ ಎಲ್ಲಿ ಮಡಗಿದ್ಯೇ, ದರಿದ್ರದೋಳೆ?’ ಎಂದು ಅಲ್ಲಿಂದ ದೊಡ್ಡಮ್ಮ. ‘ಬೀರುವಿನ ಹಿಂದೆ ನೋಡು. ನಿನ್ನ ಡಬ್ಬಿಗಳ ಮ್ಯಾಲೆಲ್ಲ ಅರಬ್ಬಿ ಬರ್ದವ್ರಲ್ಲ, ಉಪ್ಪು ಯಾವ್ದು, ಸಕ್ರೆ ಯಾವ್ದು?’ ‘ನಾಲ್ಗೆ ಇಲ್ವೇನೇ ನಿಂಗೆ, ನೆಕ್ಕಿ ನೋಡು.’ ಮಸ್ಕತ್ತಿನ ಒಂದು ಡಬ್ಬಿಯಲ್ಲಿ ರಾಗಿ ಹಿಟ್ಟು ಸಿಕ್ಕಿತು. ಅಮ್ಮ ಮುದ್ದೆ ಕಟ್ಟಿದಳು. ಮರಿಯಂ ಬೀಬಿ ‘ಸಂಗಟಿ’ ಎಂದು ನಮ್ಮ ಕಡೆಯ ತೆಲುಗಿನಲ್ಲಿ ಅದರ ಹೆಸರು ಹೇಳಿ, ಅಗಿಯದೆ ನುಂಗಿ, ಮೆಚ್ಚಿದಂತೆ ಕಣ್ಣು ಮುಚ್ಚಿದಳು.

ಅಕ್ಕತಂಗಿಯರಿಬ್ಬರೂ ಹೀಗೆ ನೆಲೆಯಾಗುತ್ತಿದ್ದಂತೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನೋಡಬೇಕಾದ ಕೋಟೆ, ಮಸೀದಿ, ಸಂತೆ ಎಲ್ಲವನ್ನೂ ದಿನಕ್ಕಿಷ್ಟು ಎಂದು ಹಂಚಿಕೊಂಡು ಬಂದಿದ್ದೆ. ಅಮ್ಮನಿಗೆ ಯಾವುದೂ ಬೇಡ. ಒಬ್ಬಳೇ ಹೊರಟರೆ ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿ ಊರೇ ಮಲಗಿಬಿಡುತ್ತಿತ್ತು. ಹಿಂದೂಪುರದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತಲಾದರೂ ಜನ ಓಡಾಡುವ ಹೊತ್ತು ಅದು. ಇಲ್ಲಿ ಬಿಸಿಲಿನ ಬೀದಿಯಲ್ಲಿ ನಾನೊಬ್ಬಳು, ಮುಚ್ಚಿದ ಬಾಗಿಲುಗಳಿಂದ ಬರುವ ಸಾಂಬ್ರಾಣಿಯಂಥ ಹೊಗೆ, ಒಂದು ಬೆಕ್ಕು. ಸುಮ್ಮನೆ ತಿರುಗಿ ಮನೆಗೆ ಬರುತ್ತಿದ್ದೆ. ಬಂದ ಕೂಡಲೇ ಮತ್ತೆ ಹೊರಡಬೇಕೆನಿಸುತ್ತಿತ್ತು.

ನನ್ನನ್ನು ಕೊರೆಯುತ್ತಿದ್ದ ವಿಷಯ ಒಂದೇ. ಶನಿವಾರ ಬೆಳಿಗ್ಗೆ ನಮ್ಮ ವಿಮಾನ ಇಲ್ಲಿಂದ ಹೊರಡುತ್ತದೆ. ಶನಿವಾರ ಬೆಳಿಗ್ಗೆಯೇ ದೊಡ್ಡಮ್ಮನ ವಿಮಾನ ಬೆಂಗಳೂರಿನಿಂದ ಹೊರಡುತ್ತದೆ. ಅಕ್ಕತಂಗಿಯರು ಮತ್ತೊಮ್ಮೆ ಒಬ್ಬರನ್ನೊಬ್ಬರು ದಾಟಿ ಹೋಗಲಿದ್ದರು.

ಮತ್ರಾ, ಸಮುದ್ರದ ದಂಡೆ

ಮತ್ರಾ ಮಸ್ಕತ್ತಿನ ಹಳೆಯ ಬಂದರು. ಸಂಜೆ ದಂಡೆಯ ಉದ್ದಕ್ಕೂ ಜನ ಸುಮ್ಮನೆ ಕೂತಿರುತ್ತಾರೆ. ಅಮ್ಮನನ್ನು ಹೇಗೋ ಅಲ್ಲಿಯವರೆಗೆ ಕರೆತಂದಿದ್ದೆ. ಅವಳು ಸಮುದ್ರ ನೋಡಿದ್ದು ಅದೇ ಮೊದಲು. ‘ನಮ್ಮ ಕಡೆ ಬೋರು ಕೊರೆಸೋರಿಗೆ ಇದನ್ನ ತೋರಿಸಬಾರದು ಕಣೆ, ಹೊಟ್ಟೆ ಉರ್ಕಂತಾರೆ’ ಎಂದಳು. ಆಮೇಲೆ ಸಮುದ್ರದ ಕಡೆಯೇ ನೋಡುತ್ತ, ‘ನಾನು ಶನಿವಾರ ಬರಕ್ಕಿಲ್ಲ’ ಎಂದಳು.

‘ಅಂದರೆ?’

‘ಅಕ್ಕ ಬರಗಂಟ ಇಲ್ಲೇ ಇರ್ತೀನಿ. ಬೀಬಿ ಇರು ಅಂದವ್ಳೆ. ನಿಂಗೆ ಕಾಲೇಜು ಐತೆ, ನೀ ಹೋಗು. ನನ್ನ ಟಿಕೀಟು ಮುಂದಕ್ಕೆ ಹಾಕ್ಸು. ಅಕ್ಕಂಗೆ ಮಾತ್ರ ಹೇಳಬ್ಯಾಡ.’

ಕಲ್ಯಾಣದುರ್ಗದಿಂದ ಅನಂತಪುರಕ್ಕೆ ಒಬ್ಬಳೇ ಬಸ್ಸು ಹತ್ತದವಳು ನನ್ನ ಅಮ್ಮ. ವಿಮಾನ ನಿಲ್ದಾಣದಲ್ಲಿ ಯಾವ ಬಾಗಿಲು, ಯಾವ ಸಾಲು, ಯಾರಿಗೆ ಪಾಸ್‌ಪೋರ್ಟ್ ಕೊಡಬೇಕು ಎಂದು ಹೇಳಿಕೊಡಬೇಕು. ವೀಸಾದಲ್ಲಿ ದಿನಗಳು ಉಳಿದಿದ್ದವು, ಅದೊಂದೇ ಅನುಕೂಲ. ಕೂತಲ್ಲೇ ಟಿಕೆಟ್ ಬದಲಾಯಿಸಿದೆ. ಅಮ್ಮ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು, ಊರಿನಿಂದ ತಂದದ್ದು.

ಮನೆಗೆ ಬಂದಾಗ ಹುದಾ ಕಾಫಿ ತಂದರು. ‘ಸುದ್ದಿ ಏನಾದರೂ?’ ಎಂದರು. ‘ಏನಿಲ್ಲ’ ಎಂದೆ. ಮೂವರೂ ಕುಡಿದೆವು. ಈ ಸಲ ನಾನು ಮರೆಯದೆ ಬಟ್ಟಲು ಅಲುಗಾಡಿಸಿದೆ. ಅವರು ಬಟ್ಟಲನ್ನು ತೆಗೆದುಕೊಳ್ಳುತ್ತ, ‘ನಿಮ್ಮ ದೊಡ್ಡಮ್ಮ ನನಗೊಂದು ಮಾತು ಕಳಿಸಿದ್ದಾಳೆ. ನಿಮಗೆ ಹೇಳಬಾರದು ಎಂದಿದ್ದಾಳೆ’ ಎಂದರು. ಒಂದು ಕ್ಷಣ ಬಾಗಿಲ ಕಡೆ ನೋಡಿದರು. ‘ಶನಿವಾರದ ಟಿಕೆಟ್ ಮುಂದಕ್ಕೆ ಹಾಕಿ, ತಂಗಿ ಬರುವವರೆಗೆ ಊರಲ್ಲೇ ಇರುತ್ತೇನೆ ಎನ್ನುತ್ತಾಳೆ. ನಾನು ಶನಿವಾರ ನನ್ನ ಕೆಲಸದ ಊರಿಗೆ ಹೊರಡಲೇಬೇಕು. ನನ್ನ ತಾಯಿಯನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ಆಕೆ ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ.’

‘ನೀವು ಏನೆಂದಿರಿ?’

‘ಇಲ್ಲ ಎನ್ನುವುದು ಹೇಗೆ? ಇನ್ಷಾ ಅಲ್ಲಾ ಎಂದೆ.’

ಇಷ್ಟು ವರ್ಷ ಆ ದೇಶದಲ್ಲಿದ್ದ ದೊಡ್ಡಮ್ಮನಿಗೆ ಆ ಮಾತಿನೊಳಗಿನ ‘ಇಲ್ಲ’ ಕೇಳಿಸಿರಬೇಕು. ಆದರೆ ಅಮ್ಮನನ್ನು ನೋಡುವ ಆಸೆಯಲ್ಲಿ ‘ಹೌದು’ ಎಂದೂ ಕೇಳಿಸಿರಬಹುದು. ನಾನು ಟೈಮ್‌ಟೇಬಲ್ ಹಾಕುವವಳು. ನನಗೆ ಚಿತ್ರ ಸ್ಪಷ್ಟವಾಗಿ ಕಾಣಿಸಿತು. ಅಮ್ಮ ಅಕ್ಕನಿಗಾಗಿ ಮಸ್ಕತ್ತಿನಲ್ಲಿ ಕಾಯುತ್ತಾಳೆ, ದೊಡ್ಡಮ್ಮ ತಂಗಿಗಾಗಿ ಕಲ್ಯಾಣದುರ್ಗದಲ್ಲಿ ಕಾಯುತ್ತಾಳೆ, ಅಮ್ಮನ ವೀಸಾ ಮುಗಿದ ಮೇಲೆ ಮರಿಯಂ ಬೀಬಿಗೆ ಯಾರೂ ಇರುವುದಿಲ್ಲ, ದೊಡ್ಡಮ್ಮನಿಗೆ ಕೆಲಸವೂ ಇರುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು.

ಅಮ್ಮನಿಗೆ ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ‘ಈಗಲೇ ದೊಡ್ಡಮ್ಮನಿಗೆ ಹೇಳು. ಇಲ್ಲೇ ಇರುತ್ತೇನೆ, ನೀನು ಬಾ ಅನ್ನು’ ಎಂದು ಫೋನ್ ಅವಳ ಮುಂದೆ ಹಿಡಿದೆ.

‘ನಾ ಹೇಳಕ್ಕಿಲ್ಲ. ಹೇಳಿ ಹೇಳಿಯೇ ಅವ್ವನ ಮುಖ ನೋಡಲಿಲ್ಲ ಅವ್ಳು.’

‘ಹೇಳದೆ ಇದ್ದದ್ದಕ್ಕೆ ಏನಾಯಿತು ನೋಡಿದೆಯಲ್ಲ?’

ನನ್ನ ದನಿ ಏರಿತ್ತು. ನಾನು ಸಾಮಾನ್ಯವಾಗಿ ಯಾರ ವಿಷಯಕ್ಕೂ ಬಾಯಿ ಹಾಕುವವಳಲ್ಲ. ಒಳಕೋಣೆಯಿಂದ ಮರಿಯಂ ಬೀಬಿ ‘ಬ್ಯಾಡ, ಬ್ಯಾಡ’ ಎಂದಳು. ಅಮ್ಮ ಸೀರೆಯ ಚೀಲದ ದಾರವನ್ನು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಆಮೇಲೆ ಏನೋ ಹೊಳೆದಂತೆ ತಲೆ ಎತ್ತಿದಳು.

‘ಹೊರಟೋರು ಹೇಳಬಾರದು. ಇರೋಳು ನಾನು, ಬರೋಳು ಅವ್ಳು. ನಾವಿಬ್ರೂ ಹೇಳಬಾರದು. ನೀ ಎರಡಕ್ಕೂ ಸೇರಿದೋಳಲ್ವಲ್ಲ. ನೀ ಹೇಳು.’

ಹಾಗೆಂದು ಎದ್ದು, ಕೇಳಿಸದಿರಲೆಂದು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ನಾನು ದೊಡ್ಡಮ್ಮನಿಗೆ ಪ್ರತಿ ಮಾತನ್ನೂ ಬಿಡಿಸಿ ಹೇಳಿ ಕಳಿಸಿದೆ: ಅಮ್ಮ ಮಸ್ಕತ್ತಿನಲ್ಲೇ ಇರುತ್ತಾಳೆ, ನೀನು ಶನಿವಾರ ನಿನ್ನ ಟಿಕೆಟ್ಟಿನ ಪ್ರಕಾರವೇ ಬಾ, ಮುಂದಕ್ಕೆ ಹಾಕಬೇಡ.

ಶುಕ್ರವಾರ ಇಡೀ ದಿನ ಕಾದ ಮೇಲೆ ಉತ್ತರ ಬಂತು.

‘ನೋಡಾನ ಕಣಮ್ಮ.’

ಮೋಡಗಳ ಮೇಲೆ

ನಿಲ್ದಾಣಕ್ಕೆ ಅಮ್ಮ ಬರಲಿಲ್ಲ. ಬೀಬಿಗೆ ತಿಂಡಿಯ ಹೊತ್ತು ಎಂದಳು. ನೀಲಿ ಬಾಗಿಲಲ್ಲಿ ನಿಂತು ‘ಹೋಗಿ ಬಾ’ ಎನ್ನಲಿಲ್ಲ, ‘ಬಾ’ ಎಂದಷ್ಟೇ ಅಂದಳು. ಹಿಂದಿರುಗಿ ನೋಡಿದರೆ ಅವಳು ಆ ಮನೆಯವಳೇ ಆಗಿದ್ದಳು, ಕೈಯಲ್ಲಿ ಸೌಟು.

ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಇನ್ಯಾರೋ ಇದ್ದರು. ನಾನು ಕಿಟಕಿಯ ಹೊರಗೇ ನೋಡಿದೆ. ಎದುರಿನಿಂದ ಬರುವ ವಿಮಾನ ಕಾಣಿಸುವುದಿಲ್ಲವೆಂದು ಗೊತ್ತಿತ್ತು, ಆದರೂ ನೋಡಿದೆ. ಹೊರಡುವ ಮೊದಲು ದೊಡ್ಡಮ್ಮನಿಗೆ ಕಳಿಸಿದ ‘ಹೊರಟೆಯಾ?’ ಎಂಬ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ. ಹಾಗೆ ಕೇಳಬಾರದಿತ್ತು ಎಂದು ಮೇಲೇರಿದ ಮೇಲೆ ಹೊಳೆಯಿತು. ನಂಬಿಕೆ ಇಲ್ಲದಿದ್ದರೂ ಗಗನಸಖಿಯನ್ನು ಕರೆದು ಒಂದು ಲೋಟ ನೀರು ಕೇಳಿ ಕುಡಿದೆ.

ಕಲ್ಯಾಣದುರ್ಗ

ಹಿಂದೂಪುರದಲ್ಲಿ ಇಳಿಯದೆ ನೇರ ಕಲ್ಯಾಣದುರ್ಗಕ್ಕೆ ಹೋದೆ. ಬಸ್ಸು ಎಲ್ಲ ಹಳ್ಳಿಗಳಲ್ಲೂ ನಿಂತಿತು. ಸಂಜೆ ಬಿಸಿಲಿನಲ್ಲಿ ಮನೆಗೆ ಬೀಗ ಇತ್ತು. ಅದು ದೊಡ್ಡಮ್ಮ ಹೋಗಿದ್ದರಿಂದ ಬಿದ್ದ ಬೀಗವೋ, ಅಂಗಡಿಗೆ ಹೋಗಿ ಬರಲು ಹಾಕಿದ್ದೋ?

ಓಬುಳಮ್ಮ ತಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ‘ಬಂದ್ಯಾ ಕಣಮ್ಮ. ಏನು ಸಮಾಚಾರ?’

‘ಏನಿಲ್ಲ ಕಣಕ್ಕ. ದೊಡ್ಡಮ್ಮ ಎಲ್ಲಿ?’

‘ಇನ್ನೂ ಕತ್ತಲೆ ಇದ್ದಂಗೆ ಬ್ಯಾಗು ಹಿಡ್ಕಂಡು ಕಾರು ಹತ್ತಿದ್ಲು. ಬೀಗದ ಕೈ ನನ್ನ ತಾವ ಕೊಟ್ಲು.’

‘ಎಲ್ಲಿಗೆ ಅಂದಳು?’

ಓಬುಳಮ್ಮ ಹುಣಸೆಹಣ್ಣು ಬಿಟ್ಟು ನನ್ನನ್ನು ನೋಡಿದರು. ‘ಓದಿದೋಳಾಗಿ ಎಂಥ ಮಾತು ಆಡ್ತೀಯೇ! ಹೊರಟೋರನ್ನ ಕೇಳ್ತಾರಾ? ದೂರಾನಾ ಅಂದೆ. ಹೂಂ, ಒಸಿ ದೂರ ಅಂದ್ಲು.’

ಬೀಗ ತೆಗೆದು ಒಳಗೆ ಹೋದೆ. ಮಿಕ್ಸಿಯ ಮುಚ್ಚಳ ಜಾರಿನ ಮೇಲೇ ಇತ್ತು. ಅಮ್ಮನ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಮಂಚದ ಮೇಲೆ ಹೊದಿಕೆ ಮಡಿಸಿತ್ತು, ಅದರ ಮೇಲೆ ಒಂದು ಪೊಟ್ಟಣ ಖರ್ಜೂರ. ಕೂತೆ, ಎದ್ದೆ, ಹಿತ್ತಲಿಗೆ ಹೋದೆ, ಬಂದೆ. ಫೋನನ್ನು ಕಿಟಕಿಯ ಬಳಿ ಇಟ್ಟೆ; ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.

ಓಬುಳಮ್ಮ ಟೀ ತಂದುಕೊಟ್ಟು ಹೊಸ್ತಿಲ ಮೇಲೆ ಕೂತರು. ಲೋಟ ಕೈಗೆ ತೆಗೆದುಕೊಳ್ಳುವಾಗ ಫೋನ್ ಸದ್ದು ಮಾಡಿತು. ಅಮ್ಮನ ದನಿ ಇರಬೇಕೆಂದು ಒತ್ತಿದೆ. ಮೊದಲು ಮಾತೇ ಇರಲಿಲ್ಲ. ಯಾರೋ ಮೂಗು ಏರಿಸಿದ ಸದ್ದು. ಬಟ್ಟೆ ಬಿಚ್ಚಿದ ಸದ್ದು. ಆಮೇಲೆ ದೊಡ್ಡಮ್ಮ, ಬಹಳ ಹತ್ತಿರದಿಂದ: ‘ಇನ್ನೂ ಅವ್ವನ ವಾಸ್ನೆ ಐತಲ್ಲೇ ಸುಬ್ಬಿ ಇದರಾಗೆ. ಯಾಕೇ ಒಗೀಲಿಲ್ಲ?’ ‘ನೀ ಬರ್ಲಿ ಅಂತ’ ಎಂದಳು ಅಮ್ಮ. ಇಬ್ಬರ ಅಳುವಿನ ಮೇಲೆ ಮುದುಕಿಯ ಗದರಿಕೆ ಕೇಳಿತು. ‘ಅಳಬ್ಯಾಡ! ಕುಂತ್ಕ! ಉಣ್ಣು!’

ಫೋನ್ ಆಫ್ ಮಾಡಲು ಅಮ್ಮ ಮರೆತಿದ್ದಳು. ಉಪ್ಪು ಹೆಚ್ಚಾಯಿತೆಂದು ಇಬ್ಬರೂ ಜಗಳ ಶುರು ಮಾಡುವವರೆಗೂ ಅದು ಓಡಿತು.

ಓಬುಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ‘ನಿಮ್ಮಮ್ಮ ಯಾವತ್ತು ಬತ್ತಾಳಮ್ಮ?’

ಟಿಕೆಟ್ಟಿನ ತಾರೀಕು, ವಿಮಾನದ ಹೊತ್ತು, ಸೀಟಿನ ಸಂಖ್ಯೆ ಎಲ್ಲವೂ ಕೈಯಲ್ಲಿದ್ದ ಅದೇ ಫೋನಿನಲ್ಲಿತ್ತು.

‘ನೋಡಾನ ಕಣಕ್ಕ’ ಎಂದೆ.